ಹಾಡು ಉಳಿಯಿತು, ಜಸ್‌ಬೀರ್ ಮರೆತುಹೋದಳು

ಕಾಲೇಜಿನ ವಾರ್ಷಿಕೋತ್ಸವವಿರಲಿ, ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ‘ದಮ್ ಮಾರೋ ದಮ್’ ಶುರುವಾದರೆ ಸಾಕು, ಕಾಲುಗಳು ತಾವಾಗಿಯೇ ಕುಣಿಯುತ್ತವೆ. 2011ರಲ್ಲಿ ಅದೇ ಹೆಸರಿನ ಇನ್ನೊಂದು ಚಿತ್ರವೂ ಬಂತು. ಬೆಂಗಳೂರಿನಲ್ಲಿ ಬೆಳೆದ ನಮ್ಮ ದೀಪಿಕಾ ಪಡುಕೋಣೆ ಹೊಸ ರೂಪದ ಆ ಹಾಡಿಗೆ ಕುಣಿದರು. ಆದರೆ ಮೂಲ ಹಾಡಿರುವ ‘ಹರೇ ರಾಮ ಹರೇ ಕೃಷ್ಣ’ (1971) ಚಿತ್ರವನ್ನು ನಿಮ್ಮಲ್ಲಿ ಎಷ್ಟು ಮಂದಿ ಪೂರ್ತಿ ನೋಡಿದ್ದೀರಿ? ಮನೆಯಲ್ಲಿ ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ, ಅವರು ನೋಡಿರುತ್ತಾರೆ.

ದೇವ್ ಆನಂದ್ ಬರೆದು ನಿರ್ದೇಶಿಸಿದ ಈ ಕಥೆ ಶುರುವಾಗುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ತಂದೆ ತಾಯಿ ಜಗಳವಾಡಿ ಬೇರೆಯಾಗುತ್ತಾರೆ. ಮಗ ಪ್ರಶಾಂತ ತಾಯಿಯ ಜೊತೆ, ಮಗಳು ಜಸ್‌ಬೀರ್ ತಂದೆಯ ಬಳಿ. ತಾಯಿ, ಅಣ್ಣ ಇಬ್ಬರೂ ತೀರಿಕೊಂಡರೆಂದು ಆ ಮಗುವಿಗೆ ಸುಳ್ಳು ಹೇಳಲಾಗುತ್ತದೆ. ಮಲತಾಯಿಯ ಮನೆಯಲ್ಲಿ ನೊಂದ ಹುಡುಗಿ ಮುಂದೆ ಕಠ್ಮಂಡುವಿನ ಹಿಪ್ಪಿಗಳ ನಡುವೆ ಚಿಲುಮೆ ಹಿಡಿದ ‘ಜಾನಿಸ್’ ಆಗಿ ಅಣ್ಣನ ಕಣ್ಣಿಗೆ ಬೀಳುತ್ತಾಳೆ. ಆಗ ನೇಪಾಳದಲ್ಲಿ ಗಾಂಜಾ, ಚರಸ್ ಅಂಗಡಿಯಲ್ಲೇ ಸಿಗುತ್ತಿತ್ತು. ಸರ್ಕಾರ ನಿಷೇಧ ಹೇರಿದ್ದು 1973ರಲ್ಲಿ.

ಚಿತ್ರದ ವಿಗ್ರಹ ಕಳವಿನ ಕಥೆ ಬರೀ ಎಳೆದಾಟ. ಐವತ್ತರ ಹತ್ತಿರವಿದ್ದ ದೇವ್ ಆನಂದ್ ಇಪ್ಪತ್ತರ ಜೀನತ್ ಅಮಾನ್‌ಗೆ ಅಣ್ಣನೋ ಅಪ್ಪನೋ ಎನ್ನಿಸುವುದೂ ನಿಜ. ಜೀನತ್ ಮಾತ್ರ ಪಾತ್ರವೇ ಆಗಿಬಿಟ್ಟಿದ್ದಾರೆ; ಪೋಷಕ ನಟಿ ಫಿಲ್ಮ್‌ಫೇರ್ ಪ್ರಶಸ್ತಿ ಅವರಿಗೆ ಸುಮ್ಮನೆ ಬರಲಿಲ್ಲ.

ರಾಹುಲ್ ದೇವ್ ಬರ್ಮನ್ ಸಂಗೀತದಲ್ಲಿ ಆಶಾ ಭೋಸ್ಲೆಯವರ ಆ ಅಮಲಿನ ಹಾಡು ಮುಗಿದ ಕೂಡಲೇ ದೇವ್ ಆನಂದ್ ಹಿಪ್ಪಿಗಳಿಗೆ ಬುದ್ಧಿ ಹೇಳುವ ಹಾಡೊಂದನ್ನು ಶುರುಮಾಡುತ್ತಾರೆ. ಅದು ಇಂದು ಯಾರಿಗೆ ನೆನಪಿದೆ? ಉಪದೇಶದ ಪಾಡು ಎಂದೂ ಅಷ್ಟೇ! ಜಸ್‌ಬೀರಳನ್ನು ಕಲಕುವುದು ಬೇರೊಂದು ಹಾಡು. ಚಿಕ್ಕಂದಿನಲ್ಲಿ ತಂಗಿಗಾಗಿ ಹಾಡಿದ್ದನ್ನೇ ಅಣ್ಣ ಮತ್ತೆ ಕಿಶೋರ್ ಕುಮಾರ್ ದನಿಯಲ್ಲಿ ಹಾಡುತ್ತಾನೆ. ಸತ್ತನೆಂದು ನಂಬಿದ್ದ ಅಣ್ಣನ ಹಾಡು! ಅವಳಿಗೆ ಬೇಕಿದ್ದದ್ದು ಆ ದನಿ. ಅದು ಸಿಗದ ಜಾಗದಲ್ಲಿ ಚಿಲುಮೆ ಬಂದು ಕೂತಿತ್ತು.

ಕೊನೆಗೆ ಅಣ್ಣನೂ ಸಿಗುತ್ತಾನೆ, ಅಪ್ಪ ಅಮ್ಮನೂ ಬರುತ್ತಾರೆ. ಆದರೆ ಈ ಸ್ಥಿತಿಯಲ್ಲಿ ಅವರಿಗೆ ಮುಖ ತೋರಿಸಲಾರದೆ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಚಿತ್ರದ ಮೇಲೆ ನನಗಿರುವ ದೊಡ್ಡ ತಕರಾರು ಇದೇ. ಚಟ ಹತ್ತಿದವರಿಗೆ ಸಾವೇ ದಾರಿ ಎಂಬಂತೆ ಕಥೆ ಮುಗಿಯುತ್ತದೆ. ಚಟ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಎಂದು ವೈದ್ಯರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಮಾತ್ರ ಈಗಲೂ ‘ಊರವರಿಗೆ ಗೊತ್ತಾದರೆ ಮರ್ಯಾದೆ ಏನಾದೀತು’ ಎಂಬ ಚಿಂತೆಯೇ ಮುಂದೆ. ಜಸ್‌ಬೀರಳನ್ನು ಕೊಂದದ್ದೂ ಅಂಥದೇ ನಾಚಿಕೆ.

ನಿಮಗೋ ನಿಮ್ಮ ಗೆಳೆಯರಿಗೋ ಬೇಕಾದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.