ಒಂದು ಕಾರ್ಬನ್‌ನ ಫರಕ್

ನಮ್ಮ ಮನೆಯ ಹಳೆಯ ಬಾಗಿಲಿಗೆ ಪಾಲಿಶ್ ಹಚ್ಚುವ ಕೆಲಸ ನಡೆದಿತ್ತು. ಬಡಿಗೇರ ಕಾಕಾ ಒಂದು ಡಬ್ಬಿ ಸ್ಪಿರಿಟ್‌ನಲ್ಲಿ ಅರಗಿನ ಚೂರು ಹಾಕಿ ಕರಗಿಸುತ್ತ ಕುಂತಿದ್ದರು. ಕಟ್ಟೆ ಮೇಲಿದ್ದ ಒಬ್ಬರು ನಗುತ್ತ, "ಇದೂ ಸ್ಪಿರಿಟ್ಟೇ, ಶೆರೆನೂ ಸ್ಪಿರಿಟ್ಟೇ. ಒಂದೀಟು ನೀರ್ ಕೂಡಿಸಿ ಕುಡದ್ರ ಏನಾತದ?" ಅಂದರು. ಕಾಕಾ ತಲೆ ಎತ್ತದೆ, "ಕಣ್ಣ ಹೋತಾವ" ಅಂದರು. ಯಾಕ ಹೋತಾವ ಅಂತ ನಾನು ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ. ನಮ್ಮ 10ನೇ ತರಗತಿಯ ಕಾರ್ಬನ್ ಪಾಠದಲ್ಲಿ ಇದಕ್ಕೆ ಉತ್ತರ ಇದೆ, ಆದರೆ ಕೆಲವೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಕಾರ್ಬನ್ ಸರಪಳಿಗೆ ಒಂದು ಆಕ್ಸಿಜನ್, ಆ ಆಕ್ಸಿಜನ್‌ಗೆ ಒಂದು ಹೈಡ್ರೋಜನ್ ಹತ್ತಿಕೊಂಡಿದ್ದರೆ ಅಂಥ ವಸ್ತುವಿಗೆ ಆಲ್ಕೋಹಾಲ್ ಅನ್ನುತ್ತಾರೆ. ಈ ಜೋಡಿಯ ಹೆಸರು ಹೈಡ್ರಾಕ್ಸಿಲ್ ಗುಂಪು. ಒಂದೇ ಕಾರ್ಬನ್ ಇದ್ದರೆ ಮೆಥನಾಲ್, ಎರಡಿದ್ದರೆ ಎಥನಾಲ್. ಶೆರೆಯಲ್ಲಿ ಇರುವುದು ಎಥನಾಲ್. ಎರಡಕ್ಕೂ ಬಣ್ಣವಿಲ್ಲ, ಎರಡೂ ನೀರಿನಂತೆ ತಿಳಿ, ವಾಸನೆಯೂ ಹೆಚ್ಚುಕಡಿಮೆ ಒಂದೇ. ಎರಡೂ ನೀರಿನಲ್ಲಿ ಪೂರಾ ಬೆರೆಯುತ್ತವೆ, ಯಾಕಂದ್ರ ಹೈಡ್ರಾಕ್ಸಿಲ್ ಗುಂಪು ನೀರಿನ ಅಣುವಿನ ಜೊತೆ ಹೈಡ್ರೋಜನ್ ಬಂಧದಿಂದ ಕೈ ಹಿಡಿಯುತ್ತದೆ. 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಹಾಕಿದರೆ 100 ಆಗುವುದಿಲ್ಲ, ಸುಮಾರು 96 ಆಗುತ್ತದೆ. ಅಣುಗಳು ಅಷ್ಟು ಒತ್ತೊತ್ತಾಗಿ ಕೂಡುತ್ತವೆ. ಕುದಿಯುವ ಬಿಂದು ಮೆಥನಾಲ್‌ಗೆ ಸುಮಾರು 65, ಎಥನಾಲ್‌ಗೆ 78 ಡಿಗ್ರಿ ಸೆಲ್ಸಿಯಸ್. ಹೈಡ್ರಾಕ್ಸಿಲ್ ಇಲ್ಲದ ಈಥೇನ್ ಸೊನ್ನೆಗಿಂತ 89 ಡಿಗ್ರಿ ಕೆಳಗೇ ಕುದಿದು ಗಾಳಿಯಾಗಿರುತ್ತದೆ. ಇದರ ಮೇಲೆ ಆ ಬಂಧದ ಜೋರು ಎಷ್ಟಂತ ತಿಳಿಯಬಹುದು.

ಇನ್ನು ಉತ್ಕರ್ಷಣ, ಅಂದ್ರ ಒಂದು ವಸ್ತು ಆಕ್ಸಿಜನ್ ತಗೊಳ್ಳುವುದು ಅಥವಾ ಹೈಡ್ರೋಜನ್ ಕಳಕೊಳ್ಳುವುದು. ಇದಕ್ಕೆ ಪ್ರಯೋಗಾಲಯವೇ ಬೇಕಂತಿಲ್ಲ. 12ನೇ ಶತಮಾನದಲ್ಲಿ ನಮ್ಮ ಬಸವಕಲ್ಯಾಣದಲ್ಲಿ ಹೆಂಡ ಮಾರುವ ಕಾಯಕದ ಶರಣರು ಒಬ್ಬರಿದ್ದರು, ಹೆಂಡದ ಮಾರಯ್ಯ. ತಮ್ಮ ವಚನಗಳಲ್ಲಿ ಆ ವ್ಯಾಪಾರದ ಮಾತುಗಳನ್ನೇ ಬಳಸಿದವರು. ಅವರ ಗಡಿಗೆಯಲ್ಲೂ ಇದೇ ರಸಾಯನ ನಡೆದಿರಲೇಬೇಕು. ಈಚಲ ಗಿಡದಿಂದ ಇಳಿದ ರಸ ಮೊದಲು ಸಿಹಿ ಇರುತ್ತದೆ. ಗಾಳಿಯಲ್ಲಿಯ, ಗಡಿಗೆಯಲ್ಲಿಯ ಯೀಸ್ಟ್ ಅದರ ಸಕ್ಕರೆ ತಿಂದು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಮೇಲೆ ಬರುವ ನೊರೆ ಆ ಗಾಳಿಯದು. ಗಡಿಗೆ ಒಳಗೆ ಸುಣ್ಣ ಬಳಿದರೆ ಯೀಸ್ಟಿನ ಕೆಲಸ ನಿಲ್ಲುತ್ತದೆ, ಆಗ ಅದು ನೀರಾ. ಹೆಂಡವನ್ನು ಎರಡು ಮೂರು ದಿನ ತೆರೆದಿಟ್ಟರೆ ಹುಳಿಯಾಗುತ್ತದೆ. ಅಲ್ಲಿ ಬೇರೊಂದು ಬ್ಯಾಕ್ಟೀರಿಯಾ ಗಾಳಿಯ ಆಕ್ಸಿಜನ್ ಹಿಡಿದು ಎಥನಾಲ್ ಅನ್ನು ಎಥನೋಯಿಕ್ ಆಮ್ಲ ಮಾಡಿರುತ್ತದೆ. ಅಂಗಡಿಯ ವಿನೆಗರ್ ಅಂದ್ರ ಇದೇ ಆಮ್ಲ, ನೀರಿನಲ್ಲಿ.

ಇದನ್ನೇ ನಮ್ಮ ಸರ್ ಪರೀಕ್ಷಾ ನಳಿಕೆಯಲ್ಲಿ ಮಾಡಿ ತೋರಿಸಿದರು. ಬಾವಿಗೆ ಹಾಕುವ ನೇರಳೆ ಪುಡಿ ಇರ್ತದಲ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್, ಅದನ್ನು ಕ್ಷಾರದ ನೀರಿನಲ್ಲಿ ಕರಗಿಸಿ ಬೆಚ್ಚಗಿನ ಎಥನಾಲ್‌ಗೆ ಹನಿ ಹನಿ ಬಿಟ್ಟರು. ಹನಿ ಬಿದ್ದಂತೆ ನೇರಳೆ ಬಣ್ಣ ಮಾಯ. ಕೆಳಗೆ ಕಂದು ಗಸಿ ನಿಂತಿತು, ಅದು ಮ್ಯಾಂಗನೀಸ್ ಡೈಆಕ್ಸೈಡ್. ಎಥನಾಲ್ ತೀರಿದ ಮೇಲೆ ಬಿದ್ದ ಹನಿಯ ಬಣ್ಣ ಹಾಗೇ ಉಳಿಯಿತು. ಇಲ್ಲಿ ಎಥನಾಲ್ ಎರಡು ಮೆಟ್ಟಿಲು ಹತ್ತುತ್ತದೆ: ಮೊದಲು ಹೈಡ್ರೋಜನ್ ಕಳಕೊಂಡು ಎಥನಾಲ್ ಎಂಬ ಆಲ್ಡಿಹೈಡ್ (ಆಲ್ಕೋಹಾಲೂ ಇದೂ ಕನ್ನಡದಲ್ಲಿ ಒಂದೇ ಹೆಸರಿನಂತೆ ಕೇಳಿಸುವುದರಿಂದ ಇದನ್ನು ಹಳೆ ಹೆಸರಿನಿಂದ ಅಸಿಟಾಲ್ಡಿಹೈಡ್ ಅನ್ನೋಣ), ಆಮೇಲೆ ಆಕ್ಸಿಜನ್ ತಗೊಂಡು ಆಮ್ಲ.

ಆಮ್ಲ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ಕೂಡ ಇದೇ ಕೆಲಸ ಮಾಡುತ್ತದೆ, ಮತ್ತು ಕೇಸರಿಯಿಂದ ಹಸಿರಾಗುತ್ತದೆ. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ಅವರು ಕುಡಿದು ಗಾಡಿ ಹೊಡೆಯುವವರ ಉಸಿರು ಪರೀಕ್ಷಿಸಲು ಕಟ್ಟಿದ ಯಂತ್ರದಲ್ಲಿ ಇದ್ದದ್ದು ಈ ಬಣ್ಣ ಬದಲಾವಣೆಯೇ. ಈಗ ಪೊಲೀಸರ ಕೈಯಲ್ಲಿರುವ ಯಂತ್ರಗಳಲ್ಲಿ ಹೆಚ್ಚಿನವು ಎಥನಾಲನ್ನು ಪ್ಲಾಟಿನಂ ಮೇಲೆ ಉತ್ಕರ್ಷಿಸಿ, ಹುಟ್ಟುವ ವಿದ್ಯುತ್ತನ್ನು ಅಳೆಯುತ್ತವೆ. ನಮ್ಮ ದೇಶದ ಕಾನೂನಿನಲ್ಲಿ ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಹುಮನಾಬಾದ್ ಮೇಲೆ ಹಾಯುವ ಹೈದರಾಬಾದ್–ಪುಣೆ ರಸ್ತೆಯ ಲಾರಿಯವರಿಗೂ ಇದೇ ಲೆಕ್ಕ.

ಈಗ ಬಡಿಗೇರ ಕಾಕಾನ ಮಾತಿಗೆ ಬರೋಣ. ನಮ್ಮ ಲಿವರ್ ಕೂಡ ಒಂದು ಉತ್ಕರ್ಷಣದ ಕಾರ್ಖಾನೆ. ಅಲ್ಲಿಯ ಒಂದು ಕಿಣ್ವ ಎಥನಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ, ಇನ್ನೊಂದು ಅದನ್ನು ವಿನೆಗರಿನ ಆಮ್ಲ ಮಾಡುತ್ತದೆ, ಕೊನೆಗೆ ಅದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಹಂಗಂತ ಎಥನಾಲ್ ಒಳ್ಳೇದು ಅಂತಲ್ಲ. ನಡುವಿನ ಅಸಿಟಾಲ್ಡಿಹೈಡ್ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ, ಲಿವರ್ ಸುಡುತ್ತದೆ.

ಮೆಥನಾಲ್ ಬಂದರೂ ಆ ಕಿಣ್ವಕ್ಕೆ ಗುರುತು ಹತ್ತುವುದಿಲ್ಲ. ಅದೇ ಕೆಲಸ ಮಾಡುತ್ತದೆ. ಆದರೆ ಒಂದು ಕಾರ್ಬನ್ ಕಮ್ಮಿ ಇರುವುದರಿಂದ ಈ ಸಲ ಹುಟ್ಟುವುದು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ. ಇರುವೆ ಕಡಿದಾಗ ಉರಿಸುವ ಆಮ್ಲ ಅದೇ, ಹೆಸರೂ ಇರುವೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಮನುಷ್ಯನ ದೇಹ ಇದನ್ನು ಬಹಳ ನಿಧಾನ ಹೊರಹಾಕುತ್ತದೆ. ಅಷ್ಟರಲ್ಲಿ ಅದು ರಕ್ತವನ್ನು ಆಮ್ಲ ಮಾಡಿ, ಜೀವಕೋಶಗಳು ಆಕ್ಸಿಜನ್ ಬಳಸದಂತೆ ತಡೆಯುತ್ತದೆ. ಕಣ್ಣಿನ ನರಕ್ಕೆ ಮೊದಲ ಪೆಟ್ಟು. 10 ಮಿ.ಲೀ. ಮೆಥನಾಲ್ ಸಾಕು ಕಣ್ಣು ಹೋಗಲು, 30 ಮಿ.ಲೀ. ಜೀವವನ್ನೇ ತೆಗೆಯಬಹುದು. ಅಂದ್ರ ಮೆಥನಾಲ್‌ಗಿಂತ ಅದನ್ನು ಉತ್ಕರ್ಷಿಸುವ ನಮ್ಮ ಲಿವರ್ರೇ ಇಲ್ಲಿ ವಿಷ ತಯಾರಿಸುತ್ತದೆ.

ಕೈಗಾರಿಕೆಯ ಸ್ಪಿರಿಟ್ಟನ್ನು ಯಾರೂ ಕುಡಿಯಬಾರದಂತ ಅದರಲ್ಲಿ ಮೆಥನಾಲ್‌ನಂಥದ್ದನ್ನು ಬೇಕಂತಲೇ ಬೆರೆಸುತ್ತಾರೆ. ಕಳ್ಳ ವ್ಯಾಪಾರದವರು ಅದನ್ನೇ ನೀರು ಹಾಕಿ ಮಾರಿದಾಗ ಊರೂರು ಸಾಯುತ್ತವೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ಬಂದ್ ಆಯಿತು. ಆದರೂ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಕಡೆ 150ಕ್ಕೂ ಹೆಚ್ಚು ಜನ ಹೋದರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು.

ನಾನು ಸರ್‌ಗೆ ಕೇಳಿದೆ, ನಮ್ಮ ನೇರಳೆ ನೀರಿನಿಂದ ಇದನ್ನು ಕಂಡುಹಿಡಿಯಬಹುದೇ ಅಂತ. ಆಗೋದಿಲ್ಲ. ಎರಡೂ ಆಲ್ಕೋಹಾಲ್ ಪರ್ಮಾಂಗನೇಟಿನ ಬಣ್ಣ ತೆಗೆಯುತ್ತವೆ, ಡೈಕ್ರೋಮೇಟನ್ನು ಹಸಿರು ಮಾಡುತ್ತವೆ. ಅಯೋಡಿನ್ ಮತ್ತು ಕ್ಷಾರ ಹಾಕಿದರೆ ಎಥನಾಲ್ ಹಳದಿ ಅಯೊಡೊಫಾರ್ಮ್ ಕೊಡುತ್ತದೆ, ಮೆಥನಾಲ್ ಕೊಡುವುದಿಲ್ಲ. ಆದರೆ ಎರಡೂ ಬೆರೆತಿದ್ದರೆ? ಎಥನಾಲ್ ಇದ್ದದ್ದಕ್ಕೆ ಹಳದಿ ಬಂದೇ ಬರುತ್ತದೆ, ವಿಷ ಒಳಗೆ ಸುಮ್ಮನೆ ಕುಂತಿರುತ್ತದೆ. ಕಡ್ಡಿ ಗೀರಿ ನೀಲಿ ಉರಿ ನೋಡುವುದು, ಮೂಸಿ ನೋಡುವುದು, ಇವೆಲ್ಲ ಸುಳ್ಳು ಧೈರ್ಯ.

ಎಲ್ಲಾ ಆಲ್ಕೋಹಾಲೂ ಆಮ್ಲ ಆಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೆಲವು ಸ್ಯಾನಿಟೈಸರ್‌ಗಳಲ್ಲಿರುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹೈಡ್ರಾಕ್ಸಿಲ್ ನಡುವಿನ ಕಾರ್ಬನ್‌ಗೆ ಇರುತ್ತದೆ. ಅದು ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಆಗಿ ಅಲ್ಲಿಗೇ ನಿಲ್ಲುತ್ತದೆ. ಆ ಕಾರ್ಬನ್‌ಗೆ ಹೈಡ್ರೋಜನ್ನೇ ಇಲ್ಲದಿದ್ದರೆ ಸುಲಭಕ್ಕೆ ಉತ್ಕರ್ಷಣ ಆಗುವುದೇ ಇಲ್ಲ.

ಕೊನೆಗೆ ಒಂದು ವಿಚಿತ್ರ. ಮೆಥನಾಲ್ ಕುಡಿದವರಿಗೆ ಆಸ್ಪತ್ರೆಯಲ್ಲಿ ಫೋಮೆಪಿಜೋಲ್ ಎಂಬ ಔಷಧ, ಅದು ಸಿಗದಿದ್ದರೆ ಅಳತೆ ಮಾಡಿದ ಎಥನಾಲನ್ನೇ ಕೊಡುತ್ತಾರೆ. ಕಿಣ್ವಕ್ಕೆ ಎಥನಾಲ್ ಮೇಲೆ ಆಸೆ ಹೆಚ್ಚು. ಅದು ಅದರಲ್ಲೇ ತೊಡಗಿರುವಾಗ ಮೆಥನಾಲ್ ಉತ್ಕರ್ಷಣವಾಗದೆ ಉಳಿಯುತ್ತದೆ, ಡಯಾಲಿಸಿಸ್ ಮಾಡಿ ತೆಗೆಯಬಹುದು. ಇದು ಡಾಕ್ಟರ್ ಕೆಲಸ, ಮನೆಯಲ್ಲಿ ಶೆರೆ ಕುಡಿಸಿದರೆ ಕೆಡುತ್ತದೆ. ತ್ರಾಸು ಕುಡಿದ ಕೂಡಲೆ ಕಾಣುವುದಿಲ್ಲ, 12ರಿಂದ 24 ತಾಸು ಹಿಡಿಯಬಹುದು. ಹೊಟ್ಟೆನೋವು, ವಾಂತಿ, ಕಣ್ಣ ಮುಂದೆ ಮಂಜು ಬಿದ್ದಂಗ ಬೆಳ್ಳಗೆ ಕಂಡರೆ "ನಿಶೆ ಇಳದಿಲ್ಲ, ಮಲಗಲಿ" ಅಂತ ಬಿಡದೆ, ಕುಡಿದ ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಬಾಗಿಲ ಕೆಲಸ ಮುಗಿದ ಮೇಲೆ ಉಳಿದ ಸ್ಪಿರಿಟ್ಟಿನ ಡಬ್ಬಿಗೆ ನಾನು ಕೆಂಪು ಬಣ್ಣದಿಂದ "ವಿಷ" ಅಂತ ಬರೆದೆ. ಓದಲು ಬಾರದ ನಮ್ಮ ಮುತ್ಯಾನಿಗಾಗಿ ಕೆಳಗೆ ಒಂದು ತಲೆಬುರುಡೆಯನ್ನೂ ತೆಗೆದೆ.