ಹುಲ್ಲು ಕತ್ತರಿಸುವ ಯಂತ್ರ ಚಾಲೂ ಆಗದಿದ್ದರೆ...

ಮನೆಯ ಗಂಡಸರು ಗಲ್ಫ್‌ನಲ್ಲಿದ್ದರೆ ತೋಟದ ಹೊಣೆ ಹೆಂಗಸರ ಹೆಗಲಿಗೇ ಬೀಳುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಎಷ್ಟು ಎಳೆದರೂ ಚಾಲೂ ಆಗದಿದ್ದಾಗ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು, ಸಹೋದರಿಯರೇ, ಮೂರು ವಿಷಯ ನೋಡಿ.

ಮೊದಲನೆಯದು ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತಿರುತ್ತದೆ. ಅದು ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ತೆಗೆದು ಹೊಸದನ್ನು ಹಾಕಿ. ಟೂ ಸ್ಟ್ರೋಕ್ ಎಂಜಿನ್ ಆದರೆ ಆಯಿಲ್ ಬೆರೆಸಲು ಮರೆಯದಿರಿ.

ಎರಡನೆಯದು ಪ್ಲಗ್. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ; ಒಣಗಿಸಿ, ಚೋಕ್ ಹಾಕದೆ ಎಳೆಯಿರಿ. ಎಳೆದ ಮೇಲೂ ಒಣಗಿಯೇ ಇದ್ದರೆ ಪೆಟ್ರೋಲ್ ತಲುಪುತ್ತಿಲ್ಲ.

ಮೂರನೆಯದು ಏರ್ ಫಿಲ್ಟರ್. ಸ್ಪಂಜಿನದಾದರೆ ಸೋಪು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ.

ಒಲೆಯ ಹತ್ತಿರ ಪೆಟ್ರೋಲ್ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ. ಬೆವರಿನ ದುಡಿಮೆಯಿಂದ ಕೊಂಡ ವಸ್ತುವೂ ಅಮಾನತ್ತೇ. ಅದನ್ನು ಜೋಪಾನ ಮಾಡುವುದು ಗಂಡಸರಿಗಷ್ಟೇ ಮೀಸಲಾದ ವಿದ್ಯೆಯಲ್ಲ.