ಹಿಂಡಿ, ತೌಡು ಹಾಕಿದರೂ ಮೀನಿಗೆ ಮೈ ಯಾಕೆ ಹತ್ತಲ್ಲ?

ದಂಡೋತಿ (ಚಿತ್ತಾಪುರ): ಮಳೆಗಾಲ ಬಂತಂದ್ರೆ ಕಾಗಿಣಾ ಸೇತುವೆ ಮುಳುಗಿ ಸುದ್ದಿಯಾಗುವ ಊರು ದಂಡೋತಿ. ಆದರೆ ಬೇಸಿಗೆಗೆ ಇದೇ ಭಾಗದ ಹೊಲಗಳಲ್ಲಿ ನೀರು ಉಳಿಯೋದೇ ಕಷ್ಟ. ಹೀಗಾಗಿ ಕೃಷಿ ಹೊಂಡದಲ್ಲಿ ಮೀನು ಸಾಕುವವರಿಗೆ ಸಿಗೋದು ಕೆಲವೇ ತಿಂಗಳು. ಅಷ್ಟರಲ್ಲಿ ಮೀನು ತೂಕ ಬರದಿದ್ದರೆ ಮರಿ, ಮೇವಿಗೆ ಹಾಕಿದ ದುಡ್ಡು ನೀರುಪಾಲು.

ಬಹಳಷ್ಟು ಕಡೆ ಮೇವು ಅಂದ್ರೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು, ಅರ್ಧಕ್ಕರ್ಧ. ಇದರಿಂದ ಮೀನಿನ ಹೊಟ್ಟೆ ತುಂಬುತ್ತದೆ. ಆದರೆ ಬೇಕಾದ ಪೋಷಕಾಂಶ ಪೂರ್ತಿ ಸಿಗಲ್ಲ.

ಕೆರೆ ಬೇರೆ, ಹೊಂಡ ಬೇರೆ

ಕೆರೆಯಲ್ಲಿ ಇದೇ ಮೇವು ಸಾಕಾಗುತ್ತದಲ್ಲ ಎಂದು ಕೇಳಬಹುದು. ಕೆರೆಯ ನೀರಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿವೆ, ಕೆಸರಲ್ಲಿ ಹುಳಗಳಿವೆ. ಮೇವಿನಲ್ಲಿ ಕಮ್ಮಿ ಬಿದ್ದಿದ್ದನ್ನು ಮೀನು ಅವುಗಳಿಂದ ತುಂಬಿಕೊಳ್ಳುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರೇ ಇಲ್ಲ. ತಳದಲ್ಲಿ ಕೆದಕಿ ತಿನ್ನುವ ಸಾಮಾನ್ಯ ಗೆಂಡೆಗೆ ಅಲ್ಲಿ ಏನೂ ಸಿಗಲ್ಲ. ಮರಿ ಜಾಸ್ತಿ ಬಿಟ್ಟಷ್ಟೂ ಕೊರತೆ ಹೆಚ್ಚು.

ಕಮ್ಮಿ ಇರೋದು ಏನು?

ಮೀನಿಗೆ ಬೇಕಾದ 10 ಅಮೈನೊ ಆಮ್ಲಗಳು ಮೇವಿನಿಂದಲೇ ಸಿಗಬೇಕು. ಶೇಂಗಾ ಹಿಂಡಿಯಲ್ಲಿ ಲೈಸಿನ್, ಮೆಥಿಯೊನಿನ್ ಎರಡೂ ಕಮ್ಮಿ. ತೊಗರಿ ಚುನ್ನಿಯಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೊನಿನ್ ಕಮ್ಮಿ. ಎಳ್ಳಿನ ಹಿಂಡಿಯಲ್ಲಿ ಮೆಥಿಯೊನಿನ್ ಜಾಸ್ತಿ. ಒಂದರ ಕೊರತೆ ಇನ್ನೊಂದು ತುಂಬುತ್ತದೆ, ಅದಕ್ಕೇ ಒಂದೇ ಹಿಂಡಿಗೆ ಜೋತು ಬೀಳಬಾರದು. ಬೇಳೆಕಾಳಿನ ಪದಾರ್ಥವನ್ನು ಬೇಯಿಸಿಯೇ ಹಾಕಬೇಕು. ಹಸಿಯದರಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳಿವೆ.

ಎರಡನೆಯದು ರಂಜಕ. ಕಾಳು, ತೌಡಿನಲ್ಲಿರುವ ರಂಜಕದ ದೊಡ್ಡ ಪಾಲು ಫೈಟೇಟ್ ರೂಪದಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ಶಕ್ತಿ ಮೀನಿಗಿಲ್ಲ. ಜೀರ್ಣವಾಗದ ರಂಜಕ ನೀರು ಸೇರಿ ಪಾಚಿ ಬೆಳೆಸುತ್ತದೆ. ಪಾಚಿ ಅತಿಯಾದರೆ ಬೆಳಗಿನ ಜಾವ ಆಮ್ಲಜನಕ ಕುಸಿದು ಮೀನು ಮೇಲೆ ಬಂದು ಬಾಯಿ ಬಿಡುತ್ತದೆ.

ವಿಟಮಿನ್ ಸಿ ಕೊರತೆಯಾದರೆ ಬೆನ್ನು ಸೊಟ್ಟಗಾಗುತ್ತದೆ. ಅಂಥ ಮೀನಿಗೆ ಸಂತೆಯಲ್ಲಿ ರೇಟು ಸಿಗೋದು ಕಷ್ಟ.

ದನದ ಪುಡಿ ಸಾಕೇ?

ಸಾಲದು. ದನದ ಖನಿಜ ಮಿಶ್ರಣದಲ್ಲಿ ಹೆಚ್ಚಾಗಿ ಇರೋದು ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್. ಅದು ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಕಾಟ್ಲಾ, ರೋಹು, ಗೆಂಡೆಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಇವಕ್ಕೆ ನೀರಲ್ಲಿ ಸುಲಭವಾಗಿ ಕರಗುವ ಮೋನೋಕ್ಯಾಲ್ಸಿಯಂ ಫಾಸ್ಫೇಟ್ ಇರುವ, ಮೀನಿಗೆಂದೇ ತಯಾರಿಸಿದ ಮಿಶ್ರಣ ಒಳ್ಳೇದು. ಚೀಲದ ಮೇಲೆ ಬರೆದದ್ದನ್ನು ಓದಿ ಕೊಳ್ಳಬೇಕು.

ಹಾಕೋದು ಹೇಗೆ?

* 100 ಕಿಲೋ ಮೇವಿಗೆ ಸಾಮಾನ್ಯವಾಗಿ 1ರಿಂದ 2 ಕಿಲೋ ಖನಿಜ-ವಿಟಮಿನ್ ಮಿಶ್ರಣ ಸಾಕು.
* ಪುಡಿಯನ್ನು ಹಾಗೇ ಎರಚಿದರೆ ನೀರಲ್ಲಿ ಕರಗಿ ಹೋಗುತ್ತದೆ. ಗಂಜಿಯಲ್ಲಿ ಕಲಸಿ ಉಂಡೆ ಮಾಡಿ ತಟ್ಟೆಯಲ್ಲಿ ಇಳಿಬಿಡಬೇಕು.
* ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಗಂಜಿ ಆರಿದ ಮೇಲೆಯೇ ಮಿಶ್ರಣ ಸೇರಿಸಬೇಕು, ಹಳೇ ದಿನಾಂಕದ ಚೀಲ ಬೇಡ.
* ಬೂಷ್ಟು ಹಿಡಿದ ಶೇಂಗಾ ಹಿಂಡಿ ಬೇಡವೇ ಬೇಡ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷ ಮೀನಿನ ಯಕೃತ್ತನ್ನೇ ಕೆಡಿಸುತ್ತದೆ.

ಮೇವು ಮೈಗೆ ಹತ್ತುತ್ತಿದೆಯೋ ಇಲ್ಲವೋ ತಿಳಿಯಲು 15 ದಿನಕ್ಕೊಮ್ಮೆ ಬಲೆ ಎಳೆದು ಹತ್ತು ಮೀನು ತೂಗಿ ಬರೆದಿಡಬೇಕು. ತೂಕ ಏರದೇ ಇದ್ದರೆ ಇನ್ನಷ್ಟು ಮೇವು ಸುರಿಯುವ ಮೊದಲು ನೀರನ್ನೂ, ಮೇವಿನಲ್ಲಿ ಏನಿದೆ ಅನ್ನೋದನ್ನೂ ನೋಡಬೇಕು. ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಆ ತೂಕದ ಚೀಟಿ ಒಯ್ದು ತೋರಿಸಿದರೆ ಸಲಹೆ ಪಡೆಯೋದೂ ಸುಲಭ.